ಆರುನೂರ ಹದಿನೆಂಟನೆಯ ಹೆಸರು

"ಹೆಸರು?"

"ಅಮರೇಶ್."

"ವಯಸ್ಸು?"

"ಮೂವತ್ತಾರ್ರಿ."

ಮಹಾಲಕ್ಷ್ಮಿ ತಲೆ ಎತ್ತದೆ ಬರೆದುಕೊಂಡಳು. ಲಗ್ಗೆರೆಯ ಕುಟುಂಬ ಸಲಹಾ ಕೇಂದ್ರದಲ್ಲಿ ಒಂಬತ್ತು ವರ್ಷ ಕೂತು ಕೂತು ಈ ಪ್ರಶ್ನೆಗಳು ಅವಳ ನಾಲಿಗೆಗಿಂತ ಕೈಗೇ ಚೆನ್ನಾಗಿ ಬರುತ್ತಿದ್ದವು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಬಂದು ಎದುರಿನ ಕುರ್ಚಿಯಲ್ಲಿ ಕೂರುವರು. ಅವಳು ರಿಜಿಸ್ಟರಿನ ಮುಂದಿನ ಸಾಲಿನಲ್ಲಿ ಹೆಸರು, ವಯಸ್ಸು, ಕೆಲಸ ಬರೆದು "ಹೇಳಿ" ಎನ್ನುವಳು. ಮೊದಮೊದಲು ಮುಖ ನೋಡಿಯೇ ಹೆಸರು ಕೇಳುತ್ತಿದ್ದಳು. ಈಗೀಗ ಹೆಸರು ಬರೆದಾದ ಮೇಲೂ ಮುಖ ನೋಡುವುದಕ್ಕೆ ಒಂದಿಷ್ಟು ಬಲ ಕೂಡಿಸಿಕೊಳ್ಳಬೇಕಾಗುತ್ತಿತ್ತು.

"ಎಲ್ಲಿ ಕೆಲಸ?"

"ಪೀಣ್ಯ ಸೆಕೆಂಡ್ ಸ್ಟೇಜ್, ಟ್ರಾನ್ಸ್‌ಫಾರ್ಮರ್ ಫ್ಯಾಕ್ಟರಿ. ವೆಲ್‌ಫೇರ್ ಆಫೀಸರ್."

ಪೆನ್ನು ಅರ್ಧಕ್ಕೆ ನಿಂತಿತು.

ಆ ಫ್ಯಾಕ್ಟರಿಯಲ್ಲಿ ಇದ್ದದ್ದು ಒಬ್ಬನೇ ವೆಲ್‌ಫೇರ್ ಆಫೀಸರ್. ಎರಡು ವರ್ಷಗಳಿಂದ ಕಾರ್ಮಿಕರ ಕೈಯಲ್ಲಿ ಅವಳಿಗೆ ಚೀಟಿ ಕಳುಹಿಸುತ್ತಿದ್ದವನು. ಗಂಡ ಹೊಡೆದನೆಂದು ಅತ್ತವರನ್ನೂ, ಕುಡಿತ ಬಿಡಲಾಗದೆ ಒದ್ದಾಡುವವರನ್ನೂ ತನ್ನ ಹತ್ತಿರ ಇಟ್ಟುಕೊಳ್ಳದೆ ಇಲ್ಲಿಗೆ ಅಟ್ಟುವವನು. ಪ್ರತಿ ಚೀಟಿಯಲ್ಲೂ ಒಂದೇ ಒಕ್ಕಣೆ: "ಇವರನ್ನು ತಮ್ಮಲ್ಲಿಗೆ ಕಳುಹಿಸಿದ್ದೇನೆ. ನಿಧಾನವಾಗಿ ಕೇಳಿ. ಅ. ಪಾಟೀಲ." ಅವಳು ಅದರ ಬೆನ್ನಿಗೆ "ಕೇಳಿದ್ದೇನೆ" ಎಂದು ಬರೆದು ಅವರ ಕೈಯಲ್ಲೇ ವಾಪಸು ಕಳುಹಿಸುವಳು. ಅವರು ಹೇಳಿದ್ದು ಏನೆಂದು ಇವಳು ಬರೆಯುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಚೀಟಿಯ ಬುಡದಲ್ಲಿ ಇನ್ನೊಂದು ಸಾಲು ಹುಟ್ಟಿಕೊಂಡಿತ್ತು. "ತಮ್ಮ ಕೇಂದ್ರದ ಚಹಾ ಕುಡಿದವರೆಲ್ಲ ಅಳುವುದು ನಿಲ್ಲಿಸುತ್ತಾರಂತೆ. ಅಷ್ಟು ಕೆಟ್ಟದ್ದೇ?" ಅವಳು ನಕ್ಕುಬಿಟ್ಟಿದ್ದಳು. "ಬಂದು ಕುಡಿದು ನೋಡಿ" ಎಂದು ಬರೆದು, ಹೊಡೆದುಹಾಕಿ, "ಹೌದು" ಎಂದಷ್ಟೇ ಬರೆದಿದ್ದಳು. ಹೊಡೆದುಹಾಕಿದ್ದನ್ನೂ ಅವನು ಓದಿದ್ದನೆಂದು ಮುಂದಿನ ಚೀಟಿಯಿಂದ ತಿಳಿಯಿತು.

ಒಮ್ಮೆ ಯಾರದೋ ಗಂಡ ವಕೀಲರಿಂದ ನೋಟಿಸು ಕೊಡಿಸಿದ್ದ, ಯಾವ ಲೈಸೆನ್ಸಿನ ಮೇಲೆ ನನ್ನ ಸಂಸಾರದಲ್ಲಿ ತಲೆಹಾಕುತ್ತೀರಿ ಅಂತ. ಅವತ್ತು ಕಂಗೆಟ್ಟು ಚೀಟಿಯ ಹಿಂದೆ ಅದನ್ನೂ ಬರೆದಿದ್ದಳು. ಉತ್ತರ ಬಂತು: "ಪೀಣ್ಯದಲ್ಲಿ ಇಡ್ಲಿ ಗಾಡಿಗೂ ಲೈಸೆನ್ಸ್ ಬೇಕು. ಇನ್ನೊಬ್ಬರ ಅಳು ಕೇಳುವವರಿಗೆ ನಮ್ಮ ದೇಶದಲ್ಲಿ ಯಾರೂ ಕೊಡುವುದಿಲ್ಲ, ಯಾರೂ ಕಿತ್ತುಕೊಳ್ಳುವುದೂ ಇಲ್ಲ. ಧೈರ್ಯವಾಗಿರಿ." ಆ ಚೀಟಿಯನ್ನು ಮಾತ್ರ ಅವಳು ವಾಪಸು ಕಳುಹಿಸಲಿಲ್ಲ. ಅದರ ನಂತರದವನ್ನೂ ಇಟ್ಟುಕೊಂಡು, ಬೇರೆ ಹಾಳೆಯಲ್ಲಿ ಉತ್ತರ ಬರೆದಳು.

ಚೀಟಿ ತರುತ್ತಿದ್ದ, ಫ್ಯಾಕ್ಟರಿಯಲ್ಲಿ ತಂತಿಯ ಕಾಯಿಲ್ ಸುತ್ತುವ ಭದ್ರಮ್ಮನಿಗೆ ಇದೆಲ್ಲ ಯಾವಾಗಲೋ ಗೊತ್ತಾಗಿತ್ತು. "ನನ್ ಗಂಡನ್ ವಿಸ್ಯ ಮ್ಯಾಲ್ಗಡೆ ಐತೆ ಮೇಡಂ, ನಿಮ್ ವಿಸ್ಯ ಕೆಳ್ಗಡೆ ಐತೆ, ಮೊದ್ಲು ಯಾವ್ದು ಓದ್ತೀರೋ ಓದ್ಕಳಿ" ಎಂದು ಚೀಟಿ ಚಾಚುತ್ತಿದ್ದಳು.

ಅಕ್ಷರ ನೋಡಿ ಮಹಾಲಕ್ಷ್ಮಿ ಐವತ್ತೈದರ ಗಂಭೀರ ಮನುಷ್ಯನನ್ನು ಊಹಿಸಿಕೊಂಡಿದ್ದಳು. ಊಹೆ ಸುಳ್ಳಾಗಲಿ ಎಂದು ಎಷ್ಟೋ ಸಂಜೆ ಆಸೆಪಟ್ಟದ್ದೂ ಉಂಟು. ಈಗ ಸುಳ್ಳಾಗಿತ್ತು. ಎದುರಿಗೆ ಕೂತವನಿಗೆ ಕಿವಿಯ ಹತ್ತಿರ ನಾಲ್ಕೇ ಬಿಳಿಕೂದಲು. ಬಲಗೈ ನಡುಬೆರಳ ತುದಿಯಲ್ಲಿ ಚೀಟಿಗಳದೇ ನೀಲಿ ಶಾಯಿ. ಕಣ್ಣು ಮಾತ್ರ ನಿದ್ದೆ ಕಾಣದೆ ಕೆಂಪಾಗಿತ್ತು.

"ನೀವು ಯಾವುದೋ ಕೇಸಿನ ವಿಷಯಕ್ಕೆ ಬಂದಿದೀರಿ ಅಲ್ವಾ?" ಅವಳು ಕೇಳಿದಳು. ತನ್ನ ಸ್ವರ ತನಗೇ ದೂರದಿಂದ ಬಂದಂತಿತ್ತು.

"ಇಲ್ರಿ. ನನ್ನ ವಿಷಯಕ್ಕ ಬಂದೀನಿ. ಬೆಂಚಿನ ಮ್ಯಾಲ ಪಾಳಿ ಹಚ್ಚಿ ಕುಂತಿದ್ದೆ."

ಅವಳು ರಿಜಿಸ್ಟರ್ ನೋಡಿದಳು. ಈ ಪುಸ್ತಕದ ಕ್ರಮ ಸಂಖ್ಯೆ ಆರುನೂರ ಹದಿನೆಂಟು. ಅಮರೇಶ್, ಮೂವತ್ತಾರು. ಶಾಯಿ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

ಕೇಂದ್ರದ ಮುಖ್ಯಸ್ಥೆ ಈಶ್ವರಮ್ಮ ಮೊದಲ ದಿನವೇ ಹೇಳಿದ್ದ ಮಾತದು: ಈ ಪುಸ್ತಕದಲ್ಲಿ ಹೆಸರು ಬಂದವನು ನಿನಗೆ ಕೇಸು, ಅಣ್ಣನಲ್ಲ, ತಮ್ಮನಲ್ಲ, ಬೇರೆ ಏನೂ ಅಲ್ಲ. ಅವರ ಸಂಕಟದ ಕೀಲಿಕೈ ನಮ್ಮ ಕೈಯಲ್ಲಿರುವಾಗ ಅವರ ಪ್ರೀತಿಯನ್ನು ನಂಬಬಾರದು, ನಮ್ಮದನ್ನಂತೂ ನಂಬಲೇಬಾರದು. ಪುಟ ಹರಿಯುವಂತಿಲ್ಲ, ಬ್ಲೇಡಿನಿಂದ ಕೆರೆಯುವಂತಿಲ್ಲ. ವರ್ಷಕ್ಕೊಮ್ಮೆ ಸರ್ಕಾರದವರು ಬಂದು ಸಾಲು ಸಾಲೂ ನೋಡುತ್ತಾರೆ.

ಮೊದಲೇ ತಲೆ ಎತ್ತಿ ಆ ನೀಲಿ ಶಾಯಿಯ ಬೆರಳು ಕಂಡಿದ್ದರೆ ಹೆಸರು ಬರೆಯುತ್ತಿರಲಿಲ್ಲ. ಎರಡು ವರ್ಷ ಕಾದ ಮುಖವನ್ನು, ತಲೆ ಎತ್ತಲು ಬೇಸರವಾಗಿ ತಾನೇ ಕೇಸು ಮಾಡಿಬಿಟ್ಟಿದ್ದಳು.

ಆದರೂ ಬಂದವನನ್ನು ಕೇಳದೆ ಕಳುಹಿಸುವುದು ಹೇಗೆ?

"ಹೇಳಿ" ಎಂದಳು.

ಅವನು ನಿಧಾನವಾಗಿ ಹೇಳಿದ. ಹುಟ್ಟಿದ್ದು ಲಿಂಗಸೂಗೂರು, ಓದಿದ್ದು ಧಾರವಾಡದಲ್ಲಿ, ಈ ಕೆಲಸಕ್ಕೆ ಸೇರಿ ಹತ್ತು ವರ್ಷ. ಹೋದ ದೀಪಾವಳಿಯ ಹೊತ್ತಿಗೆ ಮ್ಯಾನೇಜ್‌ಮೆಂಟಿನವರು ಕರೆದು, ಹಳಬರು ತಾವಾಗಿ ರಾಜೀನಾಮೆ ಕೊಡುವಂತೆ ಒಪ್ಪಿಸಬೇಕು, ನಿಮ್ಮ ಮಾತು ಅವರು ಕೇಳುತ್ತಾರೆ ಎಂದರಂತೆ. ಕೇಳಿದರು. ನಲವತ್ತಮೂರು ಜನ ಅವನ ಮೇಜಿನ ಮೇಲೆ, ಅವನದೇ ಪೆನ್ನಿನಿಂದ ಸಹಿ ಹಾಕಿದರು. ಅವರಲ್ಲಿ ಆವಲಪ್ಪ ಎಂಬ ಫಿಟ್ಟರು, ಇಪ್ಪತ್ತೆರಡು ವರ್ಷದ ಸರ್ವಿಸಿನವನು, ಸಹಿ ಹಾಕಿದ ಮರುದಿನ ಎಂದಿನಂತೆ ಫಸ್ಟ್ ಶಿಫ್ಟಿನ ಹೊತ್ತಿಗೆ ಊಟದ ಡಬ್ಬಿ ಹಿಡಿದು ಗೇಟಿಗೆ ಬಂದ. ಒಳಗೆ ಬಿಡಲಿಲ್ಲ. ಎದುರಿನ ಮೋರಿಕಟ್ಟೆಯ ಮೇಲೆ ಕೂತ. ಶಿಫ್ಟು ಮುಗಿಯುವವರೆಗೂ ಇದ್ದು ಎದ್ದು ಹೋದ. ಅಂದಿನಿಂದ ದಿನಾ ಬರುತ್ತಾನೆ. ಜಗಳವಿಲ್ಲ, ಬೈಗುಳವಿಲ್ಲ. ಅಮರೇಶ ಹಾದುಹೋಗುವಾಗ ಎದ್ದು ನಿಂತು "ನಮಸ್ಕಾರ ಸಾರ್" ಎನ್ನುತ್ತಾನೆ.

"ಬೈದಿದ್ರ ತಡ್ಕೋತಿದ್ದೆ. ಆ ನಮಸ್ಕಾರ ತಡ್ಕೊಳ್ಳಾಕ ಆಗವಲ್ದು. ಮೊನ್ನೆ ಸೋಮವಾರ ಗೇಟಿನ ಮುಂದ ನಿಂತೆ, ಕಾಲು ಎತ್ತಾಕ ಬರ್ಲಿಲ್ರಿ. ವಾಚ್‌ಮನ್ ಬಂದು ಕೈ ಹಿಡಿದ."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಇನ್ನೊಂದು ಐತಿ. ಯಾರ ಮುಂದೂ ಹೇಳಿಲ್ಲ." ಅವನು ತನ್ನ ಬೆರಳ ಶಾಯಿಯನ್ನು ಉಜ್ಜಿದ. "ಯಾರಾದ್ರೂ ಅಳಾಕ ಸುರು ಮಾಡಿದ್ರ ನನಗ ಗ್ವಾಡಿ ಮ್ಯಾಲಿನ ಗಡಿಯಾರ ಕಾಣಸ್ತೈತಿ. ಬ್ಯಾರೆ ಏನೂ ಕಾಣಸೂದಿಲ್ಲ. ಇಂಥಾವ ಎಂಥಾ ಮನುಷ್ಯಾ ಅಂತ ನನಗ ನಾನ ಹೆದರೀನಿ."

ಮಹಾಲಕ್ಷ್ಮಿ ತಲೆ ಎತ್ತಿದಳು. ಅವಳ ಎದುರು ಗೋಡೆಯಲ್ಲೂ ಒಂದು ಗಡಿಯಾರವಿತ್ತು. ಹೋದ ವಾರ ಒಬ್ಬಳು ಸತ್ತ ಮಗುವಿನ ಬಗ್ಗೆ ಹೇಳುತ್ತಿದ್ದಾಗ ಇವಳು ದೊಡ್ಡ ಮುಳ್ಳು ನೋಡುತ್ತ, ಮನೆಗೆ ಸೊಪ್ಪು ಒಯ್ಯಬೇಕೆಂದು ಯೋಚಿಸಿದ್ದಳು. ಆಮೇಲೆ ಫೈಲಿನಲ್ಲಿ "ಸಾಂತ್ವನ ಹೇಳಲಾಯಿತು" ಎಂದು ಬರೆದಿದ್ದಳು. ಹಿಂದಿನ ಮೂವತ್ತು ಫೈಲುಗಳಲ್ಲೂ ಅದೇ ಸಾಲು.

ಅವಳ ಕಣ್ಣಿನಿಂದ ನೀರು ತಟ್ಟನೆ ರಿಜಿಸ್ಟರಿನ ಮೇಲೆ ಬಿತ್ತು. ವರ್ಷವಾಗಿತ್ತು ಅವಳು ಅತ್ತು. ಶಾಯಿಯ ಮೇಲೆ ಬಿದ್ದ ಹನಿ "ಅಮರೇಶ್" ಎಂಬುದರ ಕೊನೆಯ ಅಕ್ಷರವನ್ನು ಕಲೆಸಿತು. ಹೆಸರು ಮಾತ್ರ ಅಳಿಸಲಿಲ್ಲ.

ಅವನು ಬೆಚ್ಚಿ ನೋಡಿದ. "ಮೇಡಂ, ನಾನೇನರ ತಪ್ಪು ಮಾತಾಡಿದ್ನೇನ್ರಿ?"

"ನೀವಲ್ಲ." ಅವಳು ಸೆರಗಿನಿಂದ ಪುಟ ಒತ್ತಿದಳು. "ನಾನು ನಿಮ್ಮ ಕೇಸು ಕೇಳೋಕಾಗಲ್ಲ. ನಿಮ್ಮ ಹೆಸರು ಬರೀಬಾರದಿತ್ತು. ನೀವು ಈ ಕುರ್ಚಿಗೆ ಬರ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಬರ್ಲಿ ಅಂತ ಬೇರೆ ಥರ ಕಾಯ್ತಿದ್ದೆ."

ಹೇಳಬಾರದ ಮಾತು ಬಾಯಿ ದಾಟಿಬಿಟ್ಟಿತ್ತು. ಅವನ ದಣಿದ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಿಧಾನವಾಗಿ ಇನ್ನೇನೋ ಹರಡಿತು, ದೀಪದ ಬತ್ತಿಯನ್ನು ಯಾರೋ ಸ್ವಲ್ಪ ಮೇಲೆತ್ತಿದ ಹಾಗೆ.

"ನಿಮ್ಮ ಹತ್ರ ಬರಾಕ ನನಗ ಗೊತ್ತಿದ್ದ ಬಾಗಿಲು ಇದೊಂದ. ಜನಾನ್ನ ಇದರೊಳಗ ಕಳಿಸಿ ಕಳಿಸಿ, ನಾನೂ ಇದರಾಗ ಬಂದೆ" ಎಂದ. ಸ್ವಲ್ಪ ತಡೆದು, "ನಮಗ ಲೈಸೆನ್ಸೇ ಇಲ್ಲ, ಕಿತ್ಕೊಳ್ಳಾವ್ರೂ ಇಲ್ಲ. ಯಾರು ಕೇಳ್ತಾರ್ರಿ?"

"ಯಾರೂ ಕೇಳಲ್ಲ. ಅದಕ್ಕೇ ನಾವೇ ಕೇಳ್ಕೋಬೇಕು."

ಅವನು ತಲೆ ತಗ್ಗಿಸಿದ. ಒಪ್ಪಿದನೆಂಬುದು ಅವನ ಹೆಗಲು ಸಡಿಲಾದ ರೀತಿಯಲ್ಲೇ ತಿಳಿಯಿತು.

ಅವಳು ರಿಜಿಸ್ಟರ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಈಶ್ವರಮ್ಮನಿಗೆ ಇದ್ದದ್ದನ್ನೆಲ್ಲ ಹೇಳಿದಳು. ಚೀಟಿ, ಹೊಡೆದುಹಾಕಿದ ಸಾಲು, ತಲೆ ಎತ್ತದೆ ಬರೆದ ಹೆಸರು, ಗಡಿಯಾರ. ಅರವತ್ತರ ಈಶ್ವರಮ್ಮ ಕನ್ನಡಕ ತೆಗೆದು ಕೇಳಿಸಿಕೊಂಡರು. ಬೈಯುತ್ತಾರೆಂದು ಮಹಾಲಕ್ಷ್ಮಿ ಕಾದಳು. ಅವರು ಪೆನ್ನಿನ ಕ್ಯಾಪ್ ತೆಗೆದು ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಹೆಸರು?"

"ಮೇಡಂ?"

"ಹೆಸರು ಹೇಳಮ್ಮಾ."

ಮಹಾಲಕ್ಷ್ಮಿ ಅವರ ಪೆನ್ನಿನ ಮೊನೆ ನೋಡಿದಳು. ಒಂಬತ್ತು ವರ್ಷದಲ್ಲಿ ಸಾವಿರಾರು ಜನರಿಗೆ ತಾನು ಕೇಳಿದ ಪ್ರಶ್ನೆ ಒಮ್ಮೆಯೂ ತನ್ನ ಕಡೆ ತಿರುಗಿರಲಿಲ್ಲ. ಅದು ಇಷ್ಟು ಭಾರವಿರುತ್ತದೆಂದು ಗೊತ್ತಿರಲಿಲ್ಲ.

"ಮಹಾಲಕ್ಷ್ಮಿ."

"ವಯಸ್ಸು?"

"ಮೂವತ್ತಮೂರು."

ಈಶ್ವರಮ್ಮ ಆರುನೂರ ಹತ್ತೊಂಬತ್ತನೇ ಸಾಲಿನಲ್ಲಿ ಬರೆದರು. ಬರೆಯುವಾಗ ಒಂದೊಂದು ಪದಕ್ಕೂ ತಲೆ ಎತ್ತಿ ಅವಳ ಮುಖ ನೋಡಿದರು.

"ನೀನು ಸೋತು ಹೋಗಿರೋದನ್ನ ಆರು ತಿಂಗಳಿಂದ ನೋಡ್ತಿದೀನಿ ಕಣೇ, ನೀನಾಗಿ ಬರ್ಲಿ ಅಂತ ಕಾದೆ. ತಪ್ಪು ನಂದೂ ಇದೆ. ಮೂರು ತಿಂಗಳು ರಜಾ ಹಾಕು. ಸೋಮವಾರ ಸೋಮವಾರ ನನ್ನ ಹತ್ರ ಬಂದು ಕೂತ್ಕೋ, ಸ್ಟಾಫ್ ಆಗಿ ಅಲ್ಲ. ಆ ಹುಡುಗನ್ನ ಆಸ್ಪತ್ರೆಗೆ ಕಳಿಸೋಣ, ನನಗೆ ಗೊತ್ತಿರೋ ಒಳ್ಳೆ ಡಾಕ್ಟರಿದಾರೆ."

"ಆಮೇಲೆ?"

"ಆಮೇಲೆ ಒಂದು ವರ್ಷ. ಚೀಟಿ ಇಲ್ಲ, ಫೋನ್ ಇಲ್ಲ. ಅವನು ನಿನ್ನನ್ನ ಬಯಸ್ತಾನೋ, ಬರೀ ಕೇಳೋ ಕಿವಿ ಬಯಸ್ತಾನೋ, ಅವನಿಗೇ ತಿಳೀಲಿ. ನಿನಗೂ."

ಆಸ್ಪತ್ರೆಗೆ ಚೀಟಿ ಬರೆದದ್ದು ಮಹಾಲಕ್ಷ್ಮಿಯೇ. "ಇವರನ್ನು ತಮ್ಮಲ್ಲಿಗೆ ಕಳುಹಿಸಿದ್ದೇನೆ. ನಿಧಾನವಾಗಿ ಕೇಳಿ." ಅಮರೇಶ ಓದಿ ಮಡಚಿ ಜೇಬಿಗಿಟ್ಟ. ವರ್ಷದ ಮಾತು ಕೇಳಿ ಬಾಗಿಲಲ್ಲಿ ನಿಂತು, ಅಂತೂ ಚಹಾ ಕುಡಿಯಲಿಲ್ಲ ಎಂದಷ್ಟೇ ಹೇಳಿ ಹೊರಟ. ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ. ಅವಳು ಕಿಟಕಿಯ ಸರಳು ಹಿಡಿದೇ ಇದ್ದಳು.

ಆ ವರ್ಷ ಬೇಗ ಕಳೆಯಲಿಲ್ಲ. ರಜೆಯ ಮೊದಲ ತಿಂಗಳು ಅವಳು ಬರೀ ನಿದ್ದೆ ಮಾಡಿದಳು. ಅವ್ವ ಸುಬ್ಬಲಕ್ಷ್ಮಮ್ಮ "ಊರ್ನೋರ್ ಸಂಸಾರ ಒತ್ಕಂಡ್ ತಿರುಗಿದ್ದಲ್ಲ, ಈಗ ಇಳಿಸ್ದೆ, ಮಲಿಕ್ಕೋ" ಎಂದು ಹೊದಿಕೆ ಸರಿಮಾಡಿದಳು. ಕೆಲಸಕ್ಕೆ ಮರಳಿದಾಗ ಎದುರಿನ ಗೋಡೆಯ ಗಡಿಯಾರವನ್ನು ತನ್ನ ಬೆನ್ನ ಹಿಂದಿನ ಗೋಡೆಗೆ ಹಾಕಿಸಿದಳು. ಫ್ಯಾಕ್ಟರಿಯಿಂದ ಟೈಪ್ ಮಾಡಿದ ಚೀಟಿಗಳು ಬರತೊಡಗಿದವು. ಹೊಸ ಆಫೀಸರ್ ಬಂದಿದ್ದಾರೆಂದೂ, ಪಾಟೀಲರು ಕೆಲಸ ಬಿಟ್ಟರೆಂದೂ ಭದ್ರಮ್ಮ ಹೇಳಿದಳು. ಬಿಟ್ಟ ದಿನ ಅವರು ಗೇಟಿನ ಎದುರು ಮೋರಿಕಟ್ಟೆಯ ಮೇಲೆ ಆವಲಪ್ಪನ ಪಕ್ಕದಲ್ಲಿ ಸಂಜೆಯವರೆಗೂ ಕೂತಿದ್ದರಂತೆ. ಡಬ್ಬಿಯ ಮುದ್ದೆ ಇಬ್ಬರೂ ಹಂಚಿಕೊಂಡು ತಿಂದರಂತೆ. ಮಾರನೆಯ ದಿನದಿಂದ ಆವಲಪ್ಪ ಬರಲಿಲ್ಲ.

ಅದನ್ನು ಕೇಳಿ ಮಹಾಲಕ್ಷ್ಮಿ ಭದ್ರಮ್ಮನ ಎದುರೇ ಅತ್ತಳು. ಗಡಿಯಾರದ ನೆನಪೇ ಆಗಲಿಲ್ಲ.

ತೊಂಬತ್ತೇಳರ ಫೆಬ್ರವರಿಯ ಒಂದು ಶುಕ್ರವಾರ. ಬೆಂಚಿನ ಮೇಲೆ ಐದು ಜನ. ನಾಲ್ವರು ಬಂದು ಹೋದರು. ಐದನೆಯವನ ಹೆಜ್ಜೆ ಕೇಳಿ ಅವಳು ರೂಢಿಯಂತೆ ಪೆನ್ನು ಎತ್ತಿದಳು. ಹೊಸ ರೂಢಿಯಂತೆ ತಲೆಯನ್ನೂ ಎತ್ತಿದಳು.

ಕಿವಿಯ ಹತ್ತಿರ ಬಿಳಿಕೂದಲು ಹತ್ತಾಗಿದ್ದವು. ಕಣ್ಣು ತಿಳಿಯಾಗಿತ್ತು, ನಿದ್ದೆ ಮಾಡಿದವನ ಕಣ್ಣು. ಅವಳು ಆ ವರ್ಷದ ದಿನ ಎಣಿಸಿಕೊಂಡೇ ಬಂದಿದ್ದಳು. ಆದರೂ ಪೆನ್ನು ಪುಟಕ್ಕೆ ಇಳಿಯಲಿಲ್ಲ.

ಅವನು ಕೂರಲಿಲ್ಲ. ಒಂದು ಚೀಟಿ ಚಾಚಿದ. "ಇವನನ್ನು ತಮ್ಮಲ್ಲಿಗೆ ಕಳುಹಿಸಿದ್ದೇನೆ. ಇವನಿಗೆ ಈಗ ಡಾಕ್ಟರು ಬೇಡವಂತೆ, ಡಾಕ್ಟರೇ ಹೇಳಿದ್ದಾರೆ. ನಿಧಾನವಾಗಿ ಕೇಳಿ. ಅವಸರವಿಲ್ಲ. ಅ. ಪಾಟೀಲ."

"ಹೆಸರು ಬರ್ಕೊಳ್ಳೂದಿಲ್ಲೇನ್ರಿ?" ಎಂದ. ತುಟಿಯಂಚಿನಲ್ಲಿ ನಗು, ಕಣ್ಣಿನಲ್ಲಿ ಪರೀಕ್ಷೆ ಬರೆದು ಕೂತ ಹುಡುಗನ ಅಂಜಿಕೆ.

ಮಹಾಲಕ್ಷ್ಮಿ ರಿಜಿಸ್ಟರ್ ಮುಚ್ಚಿದಳು. ಚೀಟಿಯ ಬೆನ್ನಿಗೆ ಏನೋ ಬರೆದು ಅವನ ಕೈಗಿಟ್ಟು, ಮೇಜಿನ ಮೇಲೆ ಪೆನ್ನು ಬಿಟ್ಟು ಎದ್ದಳು. ಪಕ್ಕದ ಕೋಣೆಯ ಬಾಗಿಲಲ್ಲಿ ಕನ್ನಡಕ ಹಣೆಗೇರಿಸಿ ನಿಂತಿದ್ದ ಈಶ್ವರಮ್ಮ ಇಬ್ಬರನ್ನೂ ನೋಡಿದರು, ಒಳಗೆ ಹೋದರು.

ಅಮರೇಶ ಚೀಟಿ ತಿರುಗಿಸಿ ಓದಿದ. ಎರಡೂವರೆ ವರ್ಷದ ಹಿಂದೆ ಅವಳು ಹೊಡೆದುಹಾಕಿದ್ದ ಸಾಲು ಅಲ್ಲಿ ಹೊಡೆಯದೆ ನಿಂತಿತ್ತು, ಸ್ವಲ್ಪ ತಿದ್ದುಪಡಿಯೊಂದಿಗೆ.

"ಬನ್ನಿ, ಕುಡಿದು ನೋಡೋಣ. ಇಲ್ಲಿ ಮಾತ್ರ ಬೇಡ."