ಹಳೇ ಲ್ಯಾಪ್‌ಟಾಪಿನಲ್ಲಿ ಉಳಿದ ಕಸೂತಿ

"ಇದನ್ನ ರಿಪೇರಿ ಮಾಡಸೂದ್ರಾಗ ಅರ್ಥ ಇಲ್ರಿ ಮೇಡಂ. ಹೊಸಾದು ತಗೊಂಬಿಡ್ರಿ."

ತಲೆ ಎತ್ತಿ ಅವಳ ಮುಖವನ್ನೂ ನೋಡದೆ ಕಂಪ್ಯೂಟರ್ ಅಂಗಡಿಯವನು ಹೇಳಿಬಿಟ್ಟ.

ಭಾಗ್ಯಶ್ರೀಗೆ ಮೈಯೆಲ್ಲ ಉರಿಯಿತು. ನವನಗರದಿಂದ ಹುಬ್ಬಳ್ಳಿಯವರೆಗೆ ಗಿಜಿಗುಡುವ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಳು. ಯಾರ ಮೊಣಕೈಯೂ ತಾಗದಿರಲಿ ಎಂದು ಲ್ಯಾಪ್‌ಟಾಪನ್ನು ಎದೆಗೊತ್ತಿ ಹಿಡಿದಿದ್ದಳು. ಈ ಮನುಷ್ಯ ನಿಂತ ನಿಲುವಿನಲ್ಲೇ ತೀರ್ಪು ಕೊಟ್ಟುಬಿಟ್ಟನಲ್ಲ!

"ನೀವು ಇನ್ನಾ ಬಿಚ್ಚಿನೂ ನೋಡಿಲ್ರಿ!"

"ಸಪ್ಪಳ ಕೇಳಿದ್ನಲ್ರಿ. ಟಿಕ್ ಟಿಕ್ ಅನ್ನಾಕತ್ತೈತಿ. ಒಳಗ ಹಾರ್ಡ್ ಡಿಸ್ಕ್ ಹೊಂಟೈತಿ. ಫ್ಯಾನ್ ತಿರಗಾಂಗಿಲ್ಲ, ಅದಕ್ಕ ಕಾದು ಬಂದ್ ಆಗತೈತಿ. ಈ ಮಾಡೆಲ್ಲಿನ ಸಾಮಾನ ಬರೂದ ನಿಂತೈತಿ. ಇನ್ನ ಎಷ್ಟ ದಿನಾ ಅಂತ ಹಳೇದಕ್ಕ ತ್ಯಾಪಿ ಹಚ್ಕೋತ ಕುಂದರ್ತೀರಿ?"

ಆ ಕೊನೆಯ ಮಾತು...

ಅದು ಅವಳಿಗೆ ನೇರವಾಗಿ ಚುಚ್ಚಿತು. ಸೊಲ್ಲಾಪುರದ ಗಂಡನ ಮನೆ ಬಿಟ್ಟು ಬಂದ ಮೇಲೆ, ಕೋರ್ಟಿನಲ್ಲಿ ವಿಚ್ಛೇದನ ಆದ ಮೇಲೆ, ನೆಂಟರೆಲ್ಲ ಹೇಳಿದ್ದೂ ಇದನ್ನೇ ಅಲ್ಲವೇ? ಹಳೆಯದನ್ನು ಬಿಡು, ಹೊಸ ಸಂಬಂಧ ನೋಡೋಣ. ಅರಿವೆ ಬದಲಿಸಿದಷ್ಟೇ ಸುಲಭ ಎನ್ನುವ ಹಾಗೆ!

"ಹೊಸಾದು ಮಾರೂದು ನಿಮ್ಮ ಧಂದೆ. ಅದಕ್ಕ ಹಿಂಗ ಹೇಳ್ತೀರಿ," ಎಂದಳು ಸಿಟ್ಟಿನಿಂದ.

ಆಗ ಅವನು ತಲೆ ಎತ್ತಿದ. ಉದ್ದ ಮುಖ, ನಿದ್ದೆಗೆಟ್ಟ ಕಣ್ಣು, ಅಂಗಿಯ ತೋಳಿಗೆ ಸುಟ್ಟ ಕಲೆ. ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ.

"ನನ್ನ ಹೆಸರು ಗುರುಪಾದ. ಮಾರೂದೂ ಮಾಡ್ತೇನಿ, ರಿಪೇರಿನೂ ಮಾಡ್ತೇನಿ. ಮೊದಲ ಇದರಾಗ ಏನೈತಿ ಹೇಳ್ರಿ. ಆಮ್ಯಾಲೆ ಜಗಳಾಡೂಣಂತ."

ಅವಳು ಹೇಳಿದಳು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದಾಗ ಸ್ವಂತ ದುಡಿಮೆಯಲ್ಲಿ ಕೊಂಡ ಲ್ಯಾಪ್‌ಟಾಪ್ ಅದು. ಕಸೂತಿಯ ಚಿತ್ತಾರಗಳನ್ನು ಚೌಕ ಚೌಕವಾಗಿ ಬಿಡಿಸಲು ಅದರಲ್ಲಿ ತಾನೇ ಒಂದು ಪ್ರೋಗ್ರಾಮ್ ಬರೆದಿದ್ದಳು. ತವರಿಗೆ ಮರಳಿದ ಮೇಲೆ ಉಪ್ಪಿನಬೆಟಗೇರಿಗೆ ಓಡಾಡಿ, ಬೀರವ್ವ ಎಂಬ ಮುದುಕಿಯ ಪಕ್ಕದಲ್ಲಿ ಕುಳಿತು, ಅವಳು ಬಾಯಲ್ಲಿ ಎಣಿಸಿ ಹೇಳಿದ ಗೋಪುರ, ಆನೆ, ನವಿಲುಗಳನ್ನೆಲ್ಲ ಅದರಲ್ಲಿ ತುಂಬಿಸಿದ್ದಳು. ಬೀರವ್ವ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಈಗ ಅದೇ ಊರಿನ ರತ್ನವ್ವ ಮತ್ತು ಅವಳ ಜೊತೆಯ ಹೆಂಗಸರು ಪುಣೆಯ ಪ್ರದರ್ಶನಕ್ಕೆ ಸೀರೆ ಸಿದ್ಧ ಮಾಡಬೇಕಿತ್ತು. ಈ ವಾರದೊಳಗೆ ಚಿತ್ತಾರದ ಹಾಳೆಗಳು ಅವರ ಕೈ ಸೇರದಿದ್ದರೆ ಪುಣೆಯ ಮಾತು ಮುಗಿದಂತೆಯೇ.

"ಬ್ಯಾರೆ ಕಡೆ ಎಲ್ಲೂ ಕಾಪಿ ಇಟ್ಟಿಲ್ಲೇನ್ರಿ?"

"ಸೀಡಿ ಮಾಡಿಟ್ಟಿದ್ದೆ. ಬೂಸು ಹಿಡದು ಕೆಟ್ಟುಹೋದ್ವು."

ಗುರುಪಾದ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡ.

"ಇಲ್ಲೇ ಬಿಟ್ಟ ಹೋಗ್ರಿ. ಡಿಸ್ಕ್ ಓದಾಕ ಒಂದ ಸಾಮಾನ ಬೇಕು, ನಾಳೆ ಬರ್ತೈತಿ. ಡಿಸ್ಕ್ ಹೊರಗ ತಗದು, ಇದ್ದದ್ದೆಲ್ಲಾ ಹೊಸಾದಕ್ಕ ಹಾಕಿದ್ರ ಮುಗೀತು, ಎಲ್ಲಾ ನಡೀತೈತಿ. ಅದರ ಬಗ್ಗೆ ಚಿಂತಿನ ಬ್ಯಾಡ."

"ನನಗ ಹೊಸಾದು ಬ್ಯಾಡ್ರಿ. ಇದ ರಿಪೇರಿ ಆಗಬೇಕು. ಇದ!"

ಅವನು ಅವಳ ಕಣ್ಣು ನೋಡಿದ.

"ಪ್ರಯತ್ನ ಮಾಡ್ತೇನಿ," ಎಂದ ಮೆಲ್ಲಗೆ.

*

ಮರುದಿನ ಕೊಪ್ಪೀಕರ ರಸ್ತೆಯ ಆ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಪರಿಚಿತ ದನಿಯೊಂದು ಕೇಳಿಸಿತು. ಭಾಗ್ಯಶ್ರೀ ಅಲ್ಲೇ ನಿಂತಳು.

ಅಪ್ಪ! ಕಾಳಿನ ವ್ಯಾಪಾರಿ ಕುಬೇರಪ್ಪನವರಿಗೆ ಇಲ್ಲೇನು ಕೆಲಸ?

"ನೋಡಪಾ, ಅದು ರಿಪೇರಿ ಆಗೂದಿಲ್ಲ ಅಂತ ಅಕಿಗೆ ಹೇಳಿಬಿಡು. ಹೊಸಾದು ನಾ ಕೊಡಸ್ತೇನಿ. ಆ ಹಳೇದು ಮಾತ್ರ ಮತ್ತ ಅಕಿ ಕೈಗೆ ಸಿಗಬಾರದು."

ಅವಳ ಕಿವಿಯಲ್ಲಿ ಗುಂಯ್ ಎಂದಿತು.

ಹಾಗಾದರೆ... ನಿನ್ನೆ ನೋಡದೆಯೇ ಹೊಸದು ತಗೊಳ್ರಿ ಅಂದದ್ದು ಇದಕ್ಕೇನಾ? ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರಾ?

ಬಿರುಗಾಳಿಯ ಹಾಗೆ ಒಳಗೆ ನುಗ್ಗಿದಳು. ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್ ಇತ್ತು. ಪಕ್ಕದಲ್ಲೇ ಹೊಸದೊಂದರ ಡಬ್ಬಿ.

"ಭಾಗ್ಯಾ, ನೀನು..." ಕುಬೇರಪ್ಪ ತಡವರಿಸಿದರು.

"ಬ್ಯಾಡ ಅಪ್ಪಾ. ಎಲ್ಲಾ ಕೇಳೇನಿ." ಗುರುಪಾದನ ಕಡೆ ತಿರುಗಿದಳು. "ನಿಮ್ಮನ್ನ ನಂಬಿ ಬಿಟ್ಟ ಹೋಗಿದ್ದೆ. ಕಳ್ಳರಿದ್ದೀರಿ ನೀವು!"

ಅವನ ಮುಖ ಬಿಳುಪೇರಿತು. "ಮೇಡಂ, ಒಂದ ನಿಮಿಷ ನನ್ನ ಮಾತ ಕೇಳ್ರಿ..."

ಕೇಳಲಿಲ್ಲ. ಲ್ಯಾಪ್‌ಟಾಪನ್ನು ಎತ್ತಿಕೊಂಡು ರಸ್ತೆಗಿಳಿದಳು. ಅವನು ಬಾಗಿಲವರೆಗೆ ಓಡಿ ಬಂದು ಕೂಗಿದ.

"ಅದನ್ನ ಚಾಲೂ ಮಾಡಬ್ಯಾಡ್ರಿ! ಕೈ ಮುಗೀತೇನಿ, ಚಾಲೂ ಮಾಡಬ್ಯಾಡ್ರಿ!"

ಇನ್ನೂ ನಾಟಕ ಬೇರೆ! ಅವಳು ಹಿಂದಿರುಗಿ ನೋಡಲಿಲ್ಲ.

*

ಮನೆ ಸೇರಿದವಳೇ ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದಳು.

ಹೊತ್ತಿಕೊಂಡಿತು!

ಪರದೆ ಬೆಳಗಿತು. ಅವಳ ಪ್ರೋಗ್ರಾಮ್ ತೆರೆದುಕೊಂಡಿತು. ಬೀರವ್ವನ ಗೋಪುರ ಚೌಕ ಚೌಕವಾಗಿ ಕಣ್ಣ ಮುಂದೆ ಅರಳಿತು. ಭಾಗ್ಯಶ್ರೀಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನೋಡು, ಏನೂ ಆಗಿಲ್ಲ! ಎಲ್ಲ ಸುಳ್ಳು ಹೇಳಿದ!

ಅವಸರದಲ್ಲಿ ಪ್ರಿಂಟರಿನ ವೈರು ಚುಚ್ಚಿದಳು. ಮೊದಲ ಹಾಳೆ ಅರ್ಧ ಹೊರಬಂದಿತ್ತು, ಅಷ್ಟರಲ್ಲಿ...

ಟಿಕ್. ಟಿಕ್. ಟಿಕ್.

ಆಮೇಲೆ ಕರಕರ ಎಂಬ ಸಪ್ಪಳ, ಉಗುರಿನಿಂದ ತಗಡು ಕೆರೆದ ಹಾಗೆ. ಗೋಪುರ ಅಲ್ಲಾಡದೆ ನಿಂತುಬಿಟ್ಟಿತು. ಪರದೆ ಕಪ್ಪಾಯಿತು.

ಅವನು ಕೂಗಿ ಹೇಳಿದ್ದು ಖರೇನೇ ಆಗಿತ್ತಾ? ಅಯ್ಯೋ ದೇವರೇ... ನಾನೇ ನನ್ನ ಕೈಯಾರೆ...

ಬಾಗಿಲು ತಟ್ಟಿದ ಸದ್ದು. ಕುಬೇರಪ್ಪ ಒಳಗೆ ಬಂದು, ಮಗಳ ಮುಖ ನೋಡಲಾರದೆ, ಮಂಚದ ಅಂಚಿಗೆ ಕುಳಿತರು.

"ಆ ಅಂಗಡಿಯಾಂವ ಒಪ್ಪಲಿಲ್ಲವ್ವಾ," ಎಂದರು. "ನೀ ರಾತ್ರಿ ಹೇಳಿದ್ದಿ ಅಂತ ನಾ ಇವತ್ತ ಮೊದಲನೇ ಸಲ ಅವನ ಅಂಗಡಿಗೆ ಹೋಗಿದ್ದೆ. ನೀ ಹೊಂಟ ಬಂದ ಮ್ಯಾಲೆ ನನಗ ಖಡಕ್ಕಾಗಿ ಅಂದ. 'ಕಾಕಾ, ಅದು ಅವರ ವಸ್ತು. ಇಟ್ಕೊಳ್ಳೂದೋ ಬಿಡೂದೋ ಅವರ ಹೇಳಬೇಕು. ನಿಮ್ಮ ಸಲುವಾಗಿ ನಾ ಸುಳ್ಳ ಹೇಳೂದಿಲ್ಲ' ಅಂದ. ಆ ಡಬ್ಬಿ ಬ್ಯಾರೆ ಯಾರದೋ ಅಂತ."

ಭಾಗ್ಯಶ್ರೀ ಕಣ್ಣು ಮುಚ್ಚಿದಳು. ಕಳ್ಳ ಎಂದುಬಿಟ್ಟಿದ್ದಳಲ್ಲ!

"ನೀವ್ಯಾಕ ಹಂಗ ಮಾಡಿದ್ರಿ ಅಪ್ಪಾ?"

"ಈ ಮಷಿನ್ ಸಲುವಾಗಿ ನಿನ್ನ ಸಂಸಾರ ಮುರೀತು ಅಂತ ತಿಳಕೊಂಡಿದ್ದೆ. ಇದು ಕಣ್ಣ ಮುಂದ ಇಲ್ಲದಿದ್ರ ನೀ ಮತ್ತ ನಗತೀ ಅಂತ..."

"ಇದರ ಸಲುವಾಗಿ ಅಲ್ಲ." ಅವಳು ಕಪ್ಪಾದ ಪರದೆಯ ಮೇಲೆ ಕೈಯಿಟ್ಟಳು. "ಸೊಲ್ಲಾಪುರದಾಗ ಅಂವ ನನ್ನ ಕಣ್ಣ ಮುಂದ ಇದನ್ನ ನೆಲಕ್ಕ ಒಗದ. ಆಮ್ಯಾಲೆ ನನ್ನ ಮ್ಯಾಲೆ ಕೈ ಎತ್ತಿದ. ನಿಮಗ ಸಂಕಟ ಆಗ್ತೈತಿ ಅಂತ ಹೇಳಿರಲಿಲ್ಲ."

ಕುಬೇರಪ್ಪ ಮಗಳ ಹತ್ತಿರ ಸರಿದರು. ಮಗಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಎದ್ದು ಗೋಡೆಯ ಮೊಳೆಯಿಂದ ಸ್ಕೂಟರಿನ ಕೀಲಿ ತೆಗೆದುಕೊಂಡರು.

"ನಡೀ. ಅವನ ಕಡೆ ಹೋಗೂಣು. ಲಗೂ ನಡೀ."

*

ಅವಳನ್ನು ಕಂಡ ಕೂಡಲೇ ಗುರುಪಾದನಿಗೆ ಎಲ್ಲ ತಿಳಿಯಿತು.

"ಚಾಲೂ ಮಾಡಿದ್ರಿ?"

ಅವಳು ತಲೆ ತಗ್ಗಿಸಿ ಹೌದೆಂದಳು. "ನಾ ನಿಮಗ ಏನೇನೋ ಅಂದೆ..."

"ಅದು ಆಮ್ಯಾಲೆ. ಇಲ್ಲಿ ಕೊಡ್ರಿ."

ಅಂಗಡಿಗೆ ಬಂದ ಗಿರಾಕಿಗಳಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿದ. ತಿರುಪು ಬಿಚ್ಚಿ ಡಿಸ್ಕ್ ಹೊರತೆಗೆದ. ಬಿಸಿಯಾಗಬಾರದೆಂದು ಟೇಬಲ್ ಫ್ಯಾನನ್ನು ಅದಕ್ಕೇ ಹಿಡಿದಿಟ್ಟ. ಮತ್ತೊಂದು ಕಂಪ್ಯೂಟರಿಗೆ ಜೋಡಿಸಿ ಗುಂಡಿ ಒತ್ತಿದ. ಒಮ್ಮೆ ಆಗಲಿಲ್ಲ. ಮತ್ತೊಮ್ಮೆಯೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ ಅವಳ ಫೈಲುಗಳ ಹೆಸರು ಒಂದೊಂದಾಗಿ ಮೂಡತೊಡಗಿದವು.

"ಓದಾಕತ್ತೈತಿ. ಆದ್ರ ಯಾವಾಗ ನಿಂತ ಹೋಗತೈತೋ ಗೊತ್ತಿಲ್ಲ." ಅವನ ಹಣೆಯ ಮೇಲೆ ಬೆವರು. "ಎಲ್ಲಾ ಸಿಗೂದು ಕಷ್ಟ. ಮೊದಲ ಯಾವುದು ತಗೀಲಿ, ಹೇಳ್ರಿ. ನೀವು ಬರದ ಪ್ರೋಗ್ರಾಮೋ, ಚಿತ್ತಾರಾನೋ?"

ಅವಳು ಪರದೆಯ ಮೇಲಿನ ಹೆಸರುಗಳನ್ನು ನೋಡಿದಳು.

ಆ ಪ್ರೋಗ್ರಾಮ್ ಅವಳ ವರ್ಷಗಟ್ಟಲೆಯ ಶ್ರಮ. ಗಂಡನ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಕದ್ದು ಕದ್ದು ಬರೆದದ್ದು. ಅವಳು ಇಂಥವಳು ಎಂದು ಹೇಳಲು ಉಳಿದಿದ್ದ ಒಂದೇ ಒಂದು ಸಾಕ್ಷಿ.

"ಲಗೂ ಹೇಳ್ರಿ!"

"ಚಿತ್ತಾರ," ಎಂದಳು. "ಪ್ರೋಗ್ರಾಮ್ ನಾ ಮತ್ತ ಬರೀತೇನಿ. ಬೀರವ್ವನ್ನ ಮತ್ತ ಕೇಳಾಕ ಬರೂದಿಲ್ಲ."

ಗುರುಪಾದ ಒಂದು ಗಳಿಗೆ ಕೈಕೆಲಸ ಮರೆತು ಅವಳನ್ನೇ ನೋಡಿದ. ಆಮೇಲೆ ಕೀಲಿಮಣೆಯ ಕಡೆ ಬಾಗಿದ.

ಪರದೆಯ ಮೇಲಿನ ನೀಲಿ ಪಟ್ಟಿ ಇಂಚಿಂಚಾಗಿ ಮುಂದೆ ಸರಿಯಿತು. ಗೋಪುರ ಬಂತು. ಆನೆ ಬಂತು. ನವಿಲಿನ ಹತ್ತಿರ ಬಂದು ನಿಂತೇಬಿಟ್ಟಿತು... ಅವಳಿಗೆ ಗೊತ್ತಿಲ್ಲದಂತೆಯೇ ಅವಳ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿದಿತ್ತು. ಅವನು ಕದಲಲಿಲ್ಲ. ಕುಬೇರಪ್ಪ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಶಿವಶಿವಾ ಎನ್ನುತ್ತಿದ್ದರು.

ಪಟ್ಟಿ ಮತ್ತೆ ಸರಿಯಿತು! ನವಿಲು ಬಂತು. ತುಳಸಿಕಟ್ಟೆ ಬಂತು. ಕೊನೆಯ ಚಿತ್ತಾರವೂ ಬಂತು.

ಆಮೇಲೆ ಪ್ರೋಗ್ರಾಮ್. ಓಡಿಸುವ ಫೈಲು ಬಂದಿತು. ಅದನ್ನು ತಿದ್ದಲು ಬೇಕಾದ, ಅವಳು ಬರೆದ ಮೂಲ ಸಾಲುಗಳು ಬರುವ ಮೊದಲೇ ಡಿಸ್ಕು ಕರಕರ ಎಂದು, ಆಮೇಲೆ ಸದ್ದೇ ಇಲ್ಲದೆ ನಿಂತುಹೋಯಿತು.

"ಹೋತು," ಎಂದ ಗುರುಪಾದ, ತನ್ನದೇ ಏನೋ ಕಳೆದುಕೊಂಡವನ ಹಾಗೆ.

*

ಹೊಸ ಲ್ಯಾಪ್‌ಟಾಪನ್ನು ಮರುದಿನ ಬೆಳಿಗ್ಗೆ ಭಾಗ್ಯಶ್ರೀಯೇ ಆರಿಸಿದಳು. ಅಪ್ಪ ಕೊಡಿಸುವುದು ಬೇಡ ಎಂದಳು, ಅಪ್ಪ ಒತ್ತಾಯ ಮಾಡಲಿಲ್ಲ. ಸುದ್ದಿ ಕೇಳಿ ಗಾಬರಿಯಾದ ರತ್ನವ್ವ ಮೊದಲ ಬಸ್ಸಿಗೇ ಹುಬ್ಬಳ್ಳಿಗೆ ಬಂದು ಅಂಗಡಿಯಲ್ಲಿ ಕುಳಿತಿದ್ದಳು.

ಗುರುಪಾದ ಫೈಲುಗಳನ್ನು ತುಂಬಿಸಿ, ಹೆಮ್ಮೆಯಿಂದ ಮೊದಲ ಹಾಳೆ ಪ್ರಿಂಟ್ ತೆಗೆದು ರತ್ನವ್ವನ ಕೈಗಿತ್ತ.

ಅವಳು ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು.

"ಯವ್ವಾ... ಈ ಆನಿ ಯಾಕ ಇಷ್ಟ ಉಬ್ಬೈತಿ? ಕಾಲಿನ ಕಡೆ ಗೆರೀನ ಇಲ್ಲ. ಚೌಕದ ಮನಿ ಎಣಸಾಕ ಆಗವಲ್ದು!"

ಪರದೆಯಲ್ಲಿ ಕಂಡದ್ದನ್ನೇ ಹಾಳೆಗಿಳಿಸುವ ಹಳೆಯ ಪ್ರೋಗ್ರಾಮ್ ಹೊಸ ಅಗಲ ಪರದೆಗೆ ಒಗ್ಗಿರಲಿಲ್ಲ. ಚೌಕಗಳೆಲ್ಲ ಅಡ್ಡಕ್ಕೆ ಜಗ್ಗಿಹೋಗಿ, ಅಲ್ಲಲ್ಲಿ ಗೆರೆಗಳು ಒಂದರೊಳಗೊಂದು ಸೇರಿದ್ದವು. ತಿದ್ದೋಣವೆಂದರೆ ಮೂಲ ಸಾಲುಗಳೇ ಇರಲಿಲ್ಲ.

ಗುರುಪಾದನ ಮುಖ ಸಣ್ಣದಾಯಿತು.

"ಎಲ್ಲಾ ನಡೀತೈತಿ ಅಂದಿದ್ದೆ. ಗೊತ್ತಿಲ್ಲದ ಅಷ್ಟ ಜೋರಲೇ ಹೇಳಬಾರದಿತ್ತು. ತಪ್ಪ ನಂದ್ರಿ."

ಬೇರೆ ದಿನವಾಗಿದ್ದರೆ ಅವಳು ಕಿಡಿಕಾರುತ್ತಿದ್ದಳೇನೋ. ಈಗ ಕುರ್ಚಿ ಎಳೆದುಕೊಂಡು ಕುಳಿತಳು.

"ಚಿತ್ತಾರದ ಫೈಲಿನಾಗ ಬರೇ ಸೊನ್ನಿ, ಒಂದು ಅಷ್ಟ ಅದಾವು. ಗೆರಿ ಇದ್ದಲ್ಲೆ ಒಂದು, ಇಲ್ಲದಲ್ಲೆ ಸೊನ್ನಿ. ಹಂಗ ಇಟ್ಟಾಕಿ ನಾನ. ಓದಿ ಹಾಳಿ ಮ್ಯಾಲೆ ಬಿಡಸೂ ಸಣ್ಣ ಪ್ರೋಗ್ರಾಮ್ ಸಾಕು. ಇವತ್ತ ಬರೀತೇನಿ. ಚಾ ಹೇಳ್ರಿ ನೀವು."

ಮಧ್ಯಾಹ್ನ ಕರೆಂಟ್ ಹೋಯಿತು. ಗುರುಪಾದ ಅಂಗಡಿಯ ಫ್ಯಾನು, ದೀಪ, ಉಳಿದ ಕಂಪ್ಯೂಟರು ಎಲ್ಲ ಆರಿಸಿ, ಇನ್ವರ್ಟರಿನಲ್ಲಿ ಇದ್ದಷ್ಟು ಬ್ಯಾಟರಿಯನ್ನು ಪ್ರಿಂಟರಿಗೇ ಉಳಿಸಿಟ್ಟ. ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಅವನು ಪಕ್ಕದಲ್ಲಿ ಕುಳಿತು ರಟ್ಟಿನಿಂದ ಗಾಳಿ ಹಾಕುತ್ತಿದ್ದ.

ಬ್ಯಾಟರಿ ಮುಗಿಯಿತೆಂದು ಇನ್ವರ್ಟರ್ ಕಿರುಗುಟ್ಟತೊಡಗಿದಾಗ ಹಾಳೆ ಹೊರಬಂದಿತು. ರತ್ನವ್ವ ಬಾಗಿಲ ಬೆಳಕಿಗೆ ಹೋಗಿ, ಸೂಜಿಗೆ ದಾರ ಪೋಣಿಸಿ, ಹಾಳೆ ನೋಡಿಕೊಂಡು ಎಳೆ ಎಣಿಸಿ ಹೊಲಿಯತೊಡಗಿದಳು. ಕೊನೆಗೆ ಬಟ್ಟೆಯನ್ನು ತಿರುವಿ ತೋರಿಸಿದಳು. ಕಸೂತಿಯಲ್ಲಿ ಇರಬೇಕಾದಂತೆಯೇ, ಮುಂದೆಯೂ ಅದೇ ಆನೆ, ಹಿಂದೆಯೂ ಅದೇ ಆನೆ!

"ಕೂಡ್ತು ನೋಡ್ರಿ! ನಮ್ಮ ಬೀರವ್ವಾಯಿ ಕೈ ಇದ್ದಂಗ ಐತಿ!"

ಭಾಗ್ಯಶ್ರೀ ಬಿಕ್ಕಿ ಬಿಕ್ಕಿ ಅತ್ತಳು, ಎಲ್ಲರೆದುರು, ನಾಚಿಕೆಯಿಲ್ಲದೆ.

ಹೊರಡುವಾಗ ಗುರುಪಾದ ಹಳೆಯ ಲ್ಯಾಪ್‌ಟಾಪ್ ತೋರಿಸಿ ಕೇಳಿದ. "ಬ್ಯಾರೆ ಡಿಸ್ಕ್ ಹಾಕಿ ನಡಸಾಕ ನೋಡ್ಲೇನ್ರಿ? ನಿಮಗ ಬೇಕಂದ್ರ ಹೆಂಗರ ಮಾಡಿ..."

"ಬ್ಯಾಡ್ರಿ. ಕೆಲಸಕ್ಕ ಬರೂ ಸಾಮಾನ ಬಿಚ್ಚಿ ತಗೋರಿ. ಯಾರದರ ಉಪಯೋಗಕ್ಕ ಬರ್ಲಿ."

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ನೋವಾಗಲಿಲ್ಲ!

*

ಪುಣೆಯಲ್ಲಿ ಸೀರೆಗಳನ್ನು ಜನ ಮುಗಿಬಿದ್ದು ನೋಡಿದರು. ರತ್ನವ್ವನ ಫೋಟೋ ಪತ್ರಿಕೆಯಲ್ಲಿ ಬಂದಿತು. ಜೊತೆಗೆ ಹೋಗಿದ್ದ ಭಾಗ್ಯಶ್ರೀಗೆ ಅಲ್ಲಿದ್ದಷ್ಟೂ ದಿನ ಸಂಜೆಯಾದರೆ ಗುರುಪಾದನ ಫೋನು. ಪ್ರಿಂಟರ್ ಸರಿ ಇದೆಯಾ, ಚಾರ್ಜರ್ ಸರಿ ಇದೆಯಾ, ಎಂದು ಏನೇನೋ ಕೇಳುತ್ತಿದ್ದ. ಕೇಳಬೇಕಾದ್ದನ್ನು ಮಾತ್ರ ಕೇಳುತ್ತಿರಲಿಲ್ಲ.

ಹಿಂದಿರುಗಿದ ದಿನ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ರೈಲು ಇಳಿದಾಗ ಅವನು ನಿಂತಿದ್ದ. ಹೊಸ ಅಂಗಿ, ನೀಟಾಗಿ ಬಾಚಿದ ಕೂದಲು. ರತ್ನವ್ವ ಮುಸಿಮುಸಿ ನಗುತ್ತಾ ಹೆಂಗಸರನ್ನು ಕರೆದುಕೊಂಡು ಮುಂದೆ ಹೋದಳು.

"ಆವತ್ತ ನಿಮ್ಮನ್ನ ಕಳ್ಳ ಅಂದೆ. ಇನ್ನಾ ಕ್ಷಮಾ ಕೇಳಿಲ್ಲ ನಾ," ಎಂದಳು ಭಾಗ್ಯಶ್ರೀ.

"ಕೇಳಬ್ಯಾಡ್ರಿ. ನಾ ಒಂದ ಮಾತ ಕೇಳಬೇಕಂತ ಬಂದೇನಿ, ಅದಕ್ಕ ಉತ್ತರ ಹೇಳಿದ್ರ ಸಾಕು." ಅವನು ಅಂಗಿಯ ಗುಂಡಿ ತಿರುವಿದ. "ನಾ... ನಿಮ್ಮ ಕೂಡ ಬಾಳೇ ಮಾಡಬೇಕಂತ ಆಸೆ ಐತ್ರಿ. ಕಾಕಾಗ ಹೇಳೇನಿ. ಅವರು 'ಅಕಿ ಏನಂತಾಳ ಅದ' ಅಂದ್ರು."

ಪ್ಲಾಟ್‌ಫಾರ್ಮಿನ ಗದ್ದಲವೆಲ್ಲ ಅವಳಿಗೆ ದೂರ ಸರಿದಂತಾಯಿತು. ಬೇಕು ಎನ್ನುತ್ತಿತ್ತು ಮನಸ್ಸು. ಹೆದರಿಕೆಯೂ ಹೋಗಿರಲಿಲ್ಲ.

"ನನ್ನ ಹಿಂದಿಂದೆಲ್ಲಾ ಗೊತ್ತೈತೇನ್ರಿ ನಿಮಗ?"

"ನೀವು ಹೇಳಿದಷ್ಟು ಗೊತ್ತೈತಿ. ಉಳದದ್ದು ಹೇಳಬೇಕನಿಸಿದಾಗ ಹೇಳ್ರಿ. ಅನಿಸದಿದ್ರ ಬ್ಯಾಡ."

ಅವಳ ಕಣ್ಣು ತುಂಬಿ ಬಂತು.

"ನಾ ಕೆಲಸಾ ಬಿಡೂದಿಲ್ಲ ಮತ್ತ. ದಿನಾ ಉಪ್ಪಿನಬೆಟಗೇರಿಗೆ ಹೋಗಾಕಿ. ಮನ್ಯಾಗ ರೊಟ್ಟಿ ಯಾರು ಬಡೀಬೇಕು?"

"ನನಗಂತೂ ಬರೂದಿಲ್ರಿ," ಎಂದ ಗಾಬರಿಯಿಂದ.

"ನನಗೂ ಬರೂದಿಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನಗು ತಡೆಯಲಾಗಲಿಲ್ಲ.

"ಹಂಗಾದ್ರ ಕೂಡೇ ಕಲಿಯೂಣು," ಎಂದು ಅವಳು ಕೈ ಚಾಚಿದಳು.

ಅವನು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮೊದಲನೇ ರೊಟ್ಟಿ ಸೀದು ಹೋದ್ರ?"

"ಅರ್ಧಾ ನೀವು, ಅರ್ಧಾ ನಾನು."