ಗಾಜಿನ ಪೆಟ್ಟಿಗೆಯ ಬಾಚಣಿಗೆ

ದೇವರಾಜ ಅರಸು ಬಡಾವಣೆಯಲ್ಲಿ, ಹಳೇ ಕಾಲದ ವಸ್ತು ಕೂಡಿಡುವ ಉಜ್ಜನಪ್ಪನವರ ಮನೆಯಲ್ಲಿ ಗಾಜಿನ ಪೆಟ್ಟಿಗೆಗೆ ಹಾಕಿದ ಬೀಗ ಹಾಗೇ ಇತ್ತು. ಒಳಗಿನ ಬಾಚಣಿಗೆ ಇರಲಿಲ್ಲ.

ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನ ಕಾಪ್ಟ್ ಕ್ರೈಸ್ತರ ಮನೆಯಲ್ಲಿದ್ದ ಮರದ ಬಾಚಣಿಗೆ ಅದು. ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಹೇನು ತೆಗೆಯುವ ಸಣ್ಣ ಹಲ್ಲು. ಪಕ್ಕದಲ್ಲಿದ್ದ ಅದೇ ಕಾಲದ ನೂಲುವ ಕದಿರು, ರೊಟ್ಟಿಗೆ ಒತ್ತುವ ಅಚ್ಚನ್ನು ಯಾರೂ ಮುಟ್ಟಿರಲಿಲ್ಲ.

"ಕೆಲಸದ ನುಜತ್‌ದೇ ಕೈವಾಡ ರೀ," ಎಂದರು ಉಜ್ಜನಪ್ಪ. "ಪೆಟ್ಟಿಗೆ ಒರೆಸೋಳು ಅವಳೇ. ನಾನೂ ಪಕ್ಕದಲ್ಲೇ ನಿಂತಿರ್ತೀನಿ, ಹೆಂಗೆ ಹೊಡೆದ್ಲೋ. ಮಿಕ್ಕ ಹೊತ್ತು ಕೀ ಮನೇಲೇ ಇರತೈತೆ. ಹರಿಹರದ ಕುತುಬುದ್ದೀನ್ ಬಾಚಣಿಗೆ ಕೊಡ್ರಿ ಅಂತ ಬೆನ್ನು ಬಿದ್ದಿದ್ದ."

ಎಸ್‌ಐ ರೂಪಶ್ರೀ ನುಜತ್‌ಳನ್ನು ಠಾಣೆಯಲ್ಲಿ ಕೂರಿಸಿದಳು. ಮನಸ್ಸು ಒಪ್ಪಲಿಲ್ಲ. ಪೆಟ್ಟಿಗೆಯೊಳಗಿನ ಬಿಳಿ ಬಟ್ಟೆಯ ಮೇಲೆ ಬಾಚಣಿಗೆಯ ಆಕಾರದಲ್ಲೇ ಜಿಡ್ಡು ಮೆತ್ತಿತ್ತು. ಮೂಸಿದಳು. ಕೊಬ್ಬರಿ ಎಣ್ಣೆ.

*

ಹರಿಹರದ ಹಳೇ ಸಾಮಾನಿನ ಅಂಗಡಿಯಲ್ಲಿ ಕುತುಬುದ್ದೀನ್ ಆ ಬಟ್ಟೆ ನೋಡಿ ಮುಖ ಸಿಂಡರಿಸಿದ.

"ಎಣ್ಣೆ ಹಚ್ಯಾರಾ? ಹಂಗಾದ್ರೆ ನನಗೆ ಬ್ಯಾಡ ಬಿಡ್ರಿ ಮೇಡಂ. ಎಣ್ಣೆ ಕುಡಿದ ಹಳೇ ಮರಕ್ಕೆ ಬೆಲೆ ಬರಲ್ಲ. ಮಾರೋರು ಯಾರಾದ್ರೂ ಹಂಗ್ ಮಾಡ್ತಾರಾ?"

*

ಸಂಜೆ ರೂಪಶ್ರೀ ಉಜ್ಜನಪ್ಪನವರ ಹೆಂಡತಿಯ ಎದುರು ಕೂತಳು. ಉಜ್ಜನಪ್ಪ ಪೆಟ್ಟಿಗೆಯ ಪಕ್ಕ ನಿಂತಿದ್ದರು.

"ಅಕ್ಕನಾಗಮ್ಮಾರೇ, ಮರದ ಬಾಚಣಿಗೆ ಬಳಸೋ ಮುಂಚೆ ಎಣ್ಣೆ ಕುಡಿಸ್ತೀವಿ, ಹಲ್ಲು ಮುರೀಬಾರ್ದು ಅಂತ. ಎಣ್ಣೆ ಕುಡಿಸಿ ಮತ್ತೆ ಪೆಟ್ಟಿಗೇಲಿ ಇಟ್ಟಾರೆ. ಅಂದ್ರೆ ತಗಂಡಿದ್ದು ಮಾರೋಕಲ್ಲ, ತಲೆ ಬಾಚ್ಕಳ್ಳೋಕೆ. ನುಜತ್ ಒರೆಸುವಾಗ ಯಜಮಾನ್ರು ಪಕ್ಕದಲ್ಲೇ ಇರ್ತಾರೆ. ಅವರು ಹೊರಗೆ ಹೋದ್ಮೇಲೆ ಮನೇಲಿ ಇರೋರು ನೀವೊಬ್ರೇ."

ಅಕ್ಕನಾಗಮ್ಮ ಎದ್ದು ಅಕ್ಕಿ ಡಬ್ಬಿಯಿಂದ ಬಟ್ಟೆಯ ಗಂಟು ತಂದು ಬಿಚ್ಚಿದರು.

"ನಿನ್ನೆ ಒಂದು ಹಲ್ಲು ಮುರೀತು. ಹೆದರಿ ಮುಚ್ಚಿಟ್ಟೆ. ಇವ್ರು ಬಾಯಿ ಬಿಟ್ರೆ ಇದರ ಮಾತೇ. ಆ ಕಾಲ್ದಲ್ಲಿ ಇದರಲ್ಲಿ ತಲೆ ಬಾಚ್ಕಂಡ ಹೆಂಗಸು ಹೆಂಗಿದ್ಲೋ ಅಂತ ನೆನೀತಾ ನಾನೂ ಬಾಚ್ಕಂತಾ ಕೂತ್ರೆ, ನನಗೂ ಜೊತೆಗೆ ಒಬ್ರು ಇದ್ದಂಗಾಗೋದು."

"ನುಜತ್‌ನ ಕರ್ಕಂಡು ಹೋಗುವಾಗ್ಲೂ ಸುಮ್ನಿದ್ರಿ."

ಉಜ್ಜನಪ್ಪ ಬಾಚಣಿಗೆಯನ್ನು ಬೆಳಕಿಗೆ ಹಿಡಿದರು.

"ಯಾವ ಹಲ್ಲು?" ಎಂದರು.

ರೂಪಶ್ರೀಗೆ ಮೈ ಉರಿಯಿತು. ಇಂಥ ಗಂಡನನ್ನು ಒಳಗೆ ಹಾಕಲು ಯಾವ ಸೆಕ್ಷನ್ನೂ ಇಲ್ಲ.

*

ಠಾಣೆಯಿಂದ ಬಿಟ್ಟ ಮೇಲೆ ನುಜತ್ ತನ್ನ ಚೀಲ ಒಯ್ಯಲು ಬಂದಳು. ಆ ಮನೆಯಲ್ಲಿ ಅಕ್ಕನಾಗಮ್ಮನಿಗೆ ಊಟ ಆಯ್ತಾ ಎಂದು ಕೇಳುತ್ತಿದ್ದವಳು ಅವಳೊಬ್ಬಳೇ.

"ನಾಳೆ ಬರ್ತೀಯಲ್ಲ ನುಜತ್?" ಎಂದರು ಅಕ್ಕನಾಗಮ್ಮ.

"ಬ್ಯಾರೆ ಯಾರನ್ನಾದ್ರೂ ನೋಡ್ಕಳ್ರಿ, ಅಮ್ಮಾ," ಎಂದು ನುಜತ್ ಚಪ್ಪಲಿ ಮೆಟ್ಟಿದಳು.