ಕುಡಿಕೆಯೊಳಗಿನ ಕೂಗು

ಬಲು ಹಿಂದೆ, ನಿಮ್ಮ ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮುಂಚೆ, ಕಂಚಿನಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿನ ರಾಜನಿಗೆ ಯುದ್ಧದ ಚಪಲ. ಅವನ ಆಸ್ಥಾನದಲ್ಲಿ ಮಸಣಯ್ಯ ಎಂಬ ಮಾಂತ್ರಿಕ. ಯುದ್ಧ ಮುಗಿಸಿ ಬಂದ ಸಿಪಾಯಿಗಳು ಕೋಟೆ ಬಾಗಿಲಲ್ಲಿ ಸಾಲಾಗಿ ನಿಂತು, ಮಸಣಯ್ಯ ಕೊಟ್ಟ ಮಂತ್ರದ ನೀರನ್ನು ಬಾಯಿ ತುಂಬ ಮುಕ್ಕಳಿಸಿ, ತಮ್ಮ ತಮ್ಮ ಕುಡಿಕೆಗೆ ಉಗುಳಬೇಕು. ಅದು ಅಲ್ಲಿನ ಪದ್ಧತಿ. ಉಗುಳಿದರೆ ಆಯಿತು, ಯುದ್ಧದಲ್ಲಿ ಮಾಡಿದ್ದರ ಸಂಕಟವೆಲ್ಲ ಕುಡಿಕೆಗೆ ಇಳಿಯುತ್ತಿತ್ತು. ಕುಡಿಕೆಯ ಬಾಯಿಗೆ ಮೇಣ ಹಚ್ಚಿ ಗುಹೆಯಲ್ಲಿ ಇಡುತ್ತಿದ್ದರು. ಸಿಪಾಯಿ ಮನೆಗೆ ಹೋಗಿ ಗಡದ್ದಾಗಿ ಉಂಡು ಮಲಗುತ್ತಿದ್ದ. ಮುಂದಿನ ವರ್ಷ ಕಹಳೆ ಊದಿದರೆ ಮತ್ತೆ ಹೊರಡುತ್ತಿದ್ದ. ರಾಜನಿಗೆ ಇನ್ನೇನು ಬೇಕು ಹೇಳಿ?

ಬಿಲ್ಲಯ್ಯನೂ ಅಂಥ ಒಬ್ಬ ಸಿಪಾಯಿ. ಹಿಂದಿನ ಯುದ್ಧದಲ್ಲಿ ಜೋಳದಹಾಳು ಎಂಬ ಹಳ್ಳಿಯ ಹೆಂಗಸರು ಮಕ್ಕಳು ಹೆದರಿ ಕಣಜದ ಮನೆಯಲ್ಲಿ ಅಡಗಿದ್ದರು. ಬಿಲ್ಲಯ್ಯ ಹೊರಗಿನಿಂದ ಅಗುಳಿ ಹಾಕಿ ಬೆಂಕಿ ಇಟ್ಟ. ಊರಿಗೆ ಬಂದು ಉಗುಳಿದ. ಬೆಂಕಿ ಇಟ್ಟದ್ದು ಅವನಿಗೆ ನೆನಪಿತ್ತು, ಯಾರೋ ಹೇಳಿದ ಸುದ್ದಿಯಂತೆ. ಒಳಗಿನವರ ದನಿ ಮಾತ್ರ ಕಿವಿಯಿಂದ ಅಳಿಸಿಹೋಗಿತ್ತು.

ಹೀಗಿರಲು ಅವನ ಹೆಂಡತಿ ನೀಲವ್ವ ಹೆಣ್ಣುಮಗು ಹೆತ್ತಳು. ಏಳು ವರ್ಷ ಹರಕೆ ಹೊತ್ತು ಪಡೆದ ಕೂಸು. ಸೂಲಗಿತ್ತಿ ತಂದು ಅವನ ಕೈಗಿಟ್ಟಳು. ಒಂದು ಸೇರು ರಾಗಿ ಹಿಡಿದರೆ ಏನಾಗುತ್ತದೋ ಅಷ್ಟೇ ಆಯಿತು ಅವನಿಗೆ. ಮೂರು ತಿಂಗಳು ಕಳೆದವು. ಮಗು ನಕ್ಕರೂ ಅಷ್ಟೇ, ಜ್ವರ ಬಂದು ನರಳಿದರೂ ಅಷ್ಟೇ.

"ನಮ್ಮ ಮಗೂನ ಬೀದಿಯವರ ಮಗು ಥರ ನೋಡ್ತೀರಲ್ಲ," ಎಂದಳು ನೀಲವ್ವ. "ಅವಳೇನು ತಪ್ಪು ಮಾಡಿದ್ದಾಳೆ?"

ಆಗ ಅವನಿಗೆ ಅರ್ಥವಾಯಿತು. ಸಂಕಟ ತೊಲಗಿದರೆ ಸಾಕು ಅಂತ ಉಗುಳಿದವನು ಅಕ್ಕರೆಯನ್ನೂ ಅದರ ಜತೆಗೇ ಉಗುಳಿ ಬಂದಿದ್ದ. ಅವನಿಗೇನು ಗೊತ್ತಿತ್ತು, ಪಾಪ. ಪಾಪ ಅಂದೆನೇ? ಆ ಮಾತು ವಾಪಸ್ ತಗೊಂಡೆ. ಅದು ಮೊದಲು ಕಣಜದಲ್ಲಿದ್ದವರಿಗೆ ಸಲ್ಲಬೇಕು.

ಬಿಲ್ಲಯ್ಯ ಕುಡಿಕೆ ವಾಪಸ್ ತರಲು ಗುಹೆಗೆ ಹೊರಟ. ಬಾಗಿಲಲ್ಲಿ ಏಳು ಹೆಡೆಯ ಸರ್ಪ ಮಲಗಿತ್ತು. ಅದು ಕೇಳಿತು: "ಜೋಳದಹಾಳಿನ ಕಣಜಕ್ಕೆ ಬೆಂಕಿ ಇಟ್ಟವರು ಯಾರು?"

"ರಾಜರ ಅಪ್ಪಣೆಯಾಗಿತ್ತು," ಎಂದ ಬಿಲ್ಲಯ್ಯ.

"ಹಾಗಾದರೆ ಕುಡಿಕೆ ರಾಜನದು. ನಿನ್ನದು ಇಲ್ಲಿಲ್ಲ, ಮನೆಗೆ ಹೋಗು."

ಎರಡನೆಯ ದಿನ ಹೋದ. ಸರ್ಪ ಅದನ್ನೇ ಕೇಳಿತು.

"ನಾವೆಲ್ಲ ಸೇರಿ ಮಾಡಿದೆವು. ದಂಡಿನಲ್ಲಿ ಒಬ್ಬನದು ಅಂತ ಏನಿರುತ್ತದೆ?"

"ಹಾಗಾದರೆ ಕುಡಿಕೆ ಎಲ್ಲರದು. ಎಲ್ಲರನ್ನೂ ಕರೆದುಕೊಂಡು ಬಾ."

ಯಾರು ಬರುತ್ತಾರೆ? ಕರೆದವನಿಗೆ ತಲೆ ಕೆಟ್ಟಿದೆ ಅಂದರು. ಮೂರನೆಯ ದಿನ ಒಬ್ಬನೇ ಹೋದ. ಸರ್ಪ ಮತ್ತೆ ಅದನ್ನೇ ಕೇಳಿತು.

"ಶತ್ರುಗಳು ನನ್ನ ತಮ್ಮನನ್ನು ಕೊಂದಿದ್ದರು. ಅದಕ್ಕೆ..."

"ಕಣಜದಲ್ಲಿದ್ದವರು ಕೊಂದರೇ?"

ಬಿಸಿಲು ನೆತ್ತಿಗೆ ಬಂತು.

"ಇಲ್ಲ," ಎಂದ ಬಿಲ್ಲಯ್ಯ. "ಅವರು ಹೆಂಗಸರು, ಮಕ್ಕಳು. ಅಗುಳಿ ಹಾಕಿದವನು ನಾನು. ಬೆಂಕಿ ಇಟ್ಟವನೂ ನಾನೇ."

ಸರ್ಪ ಪಕ್ಕಕ್ಕೆ ಸರಿಯಿತು.

ಒಳಗೆ ಸಾಲು ಸಾಲು ಕುಡಿಕೆ, ಸೂರಿನವರೆಗೂ. ಮಸಣಯ್ಯ ಓಡಿಬಂದ. "ಮಂಕೇ, ಅದನ್ನು ಕುಡಿದರೆ ಮತ್ತೆ ನೆಮ್ಮದಿಯಾಗಿ ಒಂದು ತುತ್ತು ಉಣ್ಣಲಾರೆ," ಎಂದ. ಆ ಮಾತೇನೋ ನಿಜವೇ. ಬಿಲ್ಲಯ್ಯ ತನ್ನ ಕುಡಿಕೆಯ ಮೇಣ ಕಿತ್ತು ಕುಡಿದ. ಮೊದಲು ಬಂದದ್ದು ದನಿ. ಅದನ್ನು ಕೇಳಿ ಅವನು ಕಡಿದ ಮರದ ಹಾಗೆ ಸಾಲಿನ ಮೇಲೆ ಬಿದ್ದ. ಕುಡಿಕೆಗಳೆಲ್ಲ ಉರುಳಿ ಒಡೆದವು. ಒಂದೊಂದರಿಂದಲೂ ಹೊಗೆ ಎದ್ದು ತನ್ನ ಒಡೆಯನನ್ನು ಹುಡುಕಿಕೊಂಡು ಹೋಯಿತು. ಎಲ್ಲಕ್ಕಿಂತ ಕೆಳಗಿದ್ದ ಹಳೆಯ ಕುಡಿಕೆ ಮಸಣಯ್ಯನದೇ. ಅದರ ಹೊಗೆ ತಾಕಿದ ಮೇಲೆ ಅವನ ಬಾಯಿಂದ ಇನ್ನೊಂದು ಮಂತ್ರ ಹೊರಡಲಿಲ್ಲ.

ಆ ವರ್ಷ ಕಹಳೆ ಊದಿದರು. ಸಿಪಾಯಿಗಳು ಬಂದರು, ಕತ್ತಿ ಕೆಳಗಿಟ್ಟು ಅಂಗಳದಲ್ಲಿ ಕೂತು ಅತ್ತರು. ರಾಜ ಒಬ್ಬನೇ ಯುದ್ಧಕ್ಕೆ ಹೋಗುತ್ತಾನೆಯೇ? ಕಂಚಿನಕೋಟೆಯಲ್ಲಿ ಅಲ್ಲಿಂದಾಚೆಗೆ ಯುದ್ಧವಿಲ್ಲ. ಜನ ಬಿತ್ತಿದರು, ಬೆಳೆದರು, ಮಕ್ಕಳು ಮರಿ ಕಟ್ಟಿಕೊಂಡು ಸುಖವಾಗಿದ್ದರು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಏನು ಮಾಡಲಿ, ಮುಗಿಯಲಿಲ್ಲ.

ಬಿಲ್ಲಯ್ಯ ಅಂದು ಗುಹೆಯಿಂದ ಮನೆಗೆ ಬಂದು ಮಗಳನ್ನು ಎತ್ತಿಕೊಂಡ. ಅಕ್ಕರೆ ಉಕ್ಕಿ ಬಂತು. ಅದರ ಹಿಂದೆಯೇ ಆ ದನಿಯೂ ಬಂತು. ಮಗು ಅತ್ತರೆ ಅದೇ ದನಿ, ನಕ್ಕರೂ ಅದೇ. ಅವನು ಮಗಳನ್ನು ಎದೆಗವುಚಿಕೊಂಡು ಬಿಕ್ಕುತ್ತಿದ್ದ.

ನೀಲವ್ವ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡಳು. ಎರಡು ದಿನ ಗಂಡನ ಜತೆ ಮಾತಾಡಲಿಲ್ಲ. ಆಮೇಲೆ ಅಂದಳು, "ನೀವು ಮಾಡಿದ್ದನ್ನ ಕೇಳಬೇಕಾದವಳು ನಾನಲ್ಲ. ಹೋಗಿ, ಜೋಳದಹಾಳಿನವರಿಗೆ ಹೇಳಿ."

ಜೋಳದಹಾಳಿನಲ್ಲಿ ಉಳಿದಿದ್ದವಳು ದ್ಯಾಮಜ್ಜಿ ಒಬ್ಬಳೇ. ಆ ದಿನ ಉಪ್ಪು ತರಲು ಪಕ್ಕದೂರಿಗೆ ಹೋಗಿದ್ದಳಂತೆ. ಬಿಲ್ಲಯ್ಯ ಅವಳ ಗುಡಿಸಲ ಮುಂದೆ ನಿಂತು, "ಕಣಜಕ್ಕೆ ಅಗುಳಿ ಹಾಕಿದವನು ನಾನು," ಎಂದ.

ಅಜ್ಜಿ ಜೋಳ ಕುಟ್ಟುತ್ತಿದ್ದಳು. ಒನಕೆ ಕೈಯಲ್ಲೇ ಇತ್ತು. ಹೊಡೆಯಲಿ ಅಂತ ಅವನು ತಲೆ ಬಗ್ಗಿಸಿದ. ಅವಳು ಹೊಡೆಯಲಿಲ್ಲ.

"ಕ್ಷಮಿಸು ಅಂತ ಕೇಳ್ಬೇಡ," ಎಂದಳು. "ಅದು ನನ್ನ ಹತ್ರ ಇಲ್ಲ."

"ಕೇಳೋದಿಲ್ಲ ಅಜ್ಜಿ."

"ಒಳಗೆ ನನ್ನ ಮೊಮ್ಮಗ ಇದ್ದ, ಹಾಲೇಶ. ಕಡೆಗೆ ಏನಾದ್ರೂ ಅಂದನೇನೋ ಅಂತ ಯಾರನ್ನ ಕೇಳೋದು? ಕೇಳಿಸಿಕೊಂಡವರು ಯಾರೂ ಉಳೀಲಿಲ್ಲ."

"ನಾನು ಕೇಳಿಸಿಕೊಂಡೆ," ಎಂದ ಬಿಲ್ಲಯ್ಯ. "ಹೊರಗೆ ಊರಿನವರು ಇದ್ದಾರೆ ಅಂದ್ಕೊಂಡು ಬಾಗಿಲು ಬಡಿದ. 'ಮಾವ, ನಾನು ಹಾಲೇಶ. ಬಾಗಿಲು ಸಿಕ್ಕೊಂಡಿದೆ, ಆ ಕಡೆಯಿಂದ ಸ್ವಲ್ಪ ನೂಕು' ಅಂದ."

"ನೀನು?"

"ನಾನು ನಿಂತಿದ್ದೆ."

ಅಜ್ಜಿ ನೆಲಕ್ಕೆ ಕೂತಳು. ಅವಳ ಕಣ್ಣಿಂದ ನೀರು ಇಳಿಯಿತು. "ಹಾಗಾದ್ರೆ ಬೇಕಂತಲೇ ಅಗುಳಿ ಹಾಕಿದ್ದಾರೆ ಅಂತ ಆಗ ಅವನಿಗಿನ್ನೂ ಗೊತ್ತಾಗಿರಲಿಲ್ಲ," ಎಂದಳು. ಅವನ ಮುಖ ನೋಡದೆ, "ಇನ್ನೊಂದ್ಸಲ ಹೇಳು," ಎಂದಳು. "ಅವನು ಹೇಳಿದ ಹಾಗೇ ಹೇಳು."

ಬಿಲ್ಲಯ್ಯ ಹೇಳಿದ. ಅಜ್ಜಿ ಬದುಕಿರುವ ತನಕ, ಪ್ರತಿ ಅಮಾವಾಸ್ಯೆಗೂ, ಅಷ್ಟು ದೂರ ನಡೆದು ಹೋಗಿ ಹೇಳಿ ಬರುತ್ತಿದ್ದ.